ಕೊರಳು ಹಿಂದಕ್ಕೆಳೆದುಕೊಂಡ ಹುಡುಗಿ

ವೀಕ್ಷಕರೇ, 2018ರ ಜನವರಿ ನಿಮಗೆ ನೆನಪಿರಬಹುದು. ‘ಪದ್ಮಾವತ್’ ಸಿನಿಮಾ ಬಿಡುಗಡೆಗೆ ಇನ್ನೊಂದು ವಾರ ಇತ್ತು. ರಾಜಸ್ಥಾನ, ಗುಜರಾತ್ ಸೇರಿದಂತೆ ನಾಲ್ಕು ರಾಜ್ಯಗಳು ನಮ್ಮಲ್ಲಿ ಈ ಚಿತ್ರ ಬೇಡ ಅಂದಿದ್ದವು. 18ನೇ ತಾರೀಕು ಸುಪ್ರೀಂ ಕೋರ್ಟ್ ಆ ನಿಷೇಧಕ್ಕೆ ತಡೆ ಕೊಟ್ಟಿತು. ಅವತ್ತು ರಾತ್ರಿ ದೇಶದ ಎಲ್ಲ ಚಾನೆಲ್‌ಗಳಂತೆ ನಾವೂ ಚರ್ಚೆ ಇಟ್ಟುಕೊಂಡಿದ್ದೆವು. ನಡೆಸಿಕೊಟ್ಟವನು ನಾನೇ. ಪರದೆ ಮೇಲೆ ಆರು ಕಿಟಕಿ, ಆರೂ ಕಿಟಕಿಯಲ್ಲಿ ಕೂಗಾಟ. ನಲವತ್ತು ನಿಮಿಷ ಚಿತ್ರದ ಬಗ್ಗೆ ಮಾತಾಡಿದೆವು. ಆ ಆರು ಜನರಲ್ಲಿ ಚಿತ್ರ ನೋಡಿದವರು ಎಷ್ಟು ಮಂದಿ? ಒಬ್ಬರೂ ಇಲ್ಲ. ನಾನೂ ನೋಡಿರಲಿಲ್ಲ.

ಸ್ಟುಡಿಯೋ ಲೈಟು ಆರಿಸಿ ಹೊರಗೆ ಬಂದೆ. ಫೋನ್ ಬಂತು. ಹಟ್ಟಿಯಿಂದ ಅಪ್ಪ. ಕಾರ್ಯಕ್ರಮ ನೋಡಿದ್ದರು.

“ಅಲ್ಲೋ ತಮ್ಮಾ, ಎಲ್ಲಿದೋ ಚಿತ್ತೋಡದ ರಾಣಿ ಸಲುವಾಗಿ ಇಷ್ಟು ಬಡಕೊಂಡ್ಯಲ್ಲ, ನಮ್ಮ ಮುದಗಲ್ಲ ಹುಡುಗಿ ಕಥಿ ಗೊತ್ತದೇನು ನಿನಗ?”

ಅಕ್ಕಸಾಲಿಗನ ಮಗಳಂತೆ, ಅವಳಿಗಾಗಿ ಯುದ್ಧ ಆಯ್ತಂತೆ ಅನ್ನೋ ಅಷ್ಟೇ ನನಗೆ ಗೊತ್ತಿತ್ತು. ಹಟ್ಟಿಯಿಂದ ಲಿಂಗಸುಗೂರಿಗೆ ಬಂದು, ಅಲ್ಲಿಂದ ಮುಂದೆ ಹೋದರೆ ಮುದಗಲ್. ಒಂದೇ ತಾಲೂಕು. ಬೆಂಗಳೂರಿನ ಸ್ಟುಡಿಯೋದಲ್ಲಿ ಕೂತು ಚಿತ್ತೋಡದ ಇತಿಹಾಸಕ್ಕೆ ನ್ಯಾಯಾಧೀಶನಾಗಿದ್ದ ನನಗೆ, ನಮ್ಮ ತಾಲೂಕಿನ ಕಥೆ ಎರಡು ಸಾಲಿಗಿಂತ ಹೆಚ್ಚು ಗೊತ್ತಿರಲಿಲ್ಲ. ಓದೋಕೆ ಕೂತಿದ್ದು ಆ ನಾಚಿಕೆಯಿಂದ.

ಆದರೆ ಮುದಗಲ್ಲಿಗೆ ಹೋಗುವ ಮೊದಲು ಒಂದು ಹಳೇ ಸಿನಿಮಾ ನೋಡೋಣ. ಯಾಕೆ ಅಂತ ಆಮೇಲೆ ಗೊತ್ತಾಗುತ್ತೆ.

ಸಿಂಧನೂರು ಕಡೆಯವರಿಗೆ ‘ಕ್ಯಾಂಪ್’ ಅಂದರೆ ಬಿಡಿಸಿ ಹೇಳಬೇಕಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದ ಕರಾವಳಿ ಜಿಲ್ಲೆಗಳಿಂದ ರೈತರು ಬಂದು ಭೂಮಿ ಹಿಡಿದು ಭತ್ತ ಬೆಳೆದರು. ಅವರು ನೆಲೆ ನಿಂತ ಊರುಗಳೇ ಕ್ಯಾಂಪುಗಳು. ಅವರ ಜೊತೆ ತೆಲುಗು ಸಿನಿಮಾನೂ ಬಂತು. ಹಟ್ಟಿಯಲ್ಲಿ ನಮ್ಮ ಮನೆ ಪಕ್ಕ ಅಂಥ ಒಂದು ಕ್ಯಾಂಪಿನಿಂದ ಬಂದ ಆಂಟಿ ಒಬ್ಬರಿದ್ದರು. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಮಧ್ಯಾಹ್ನ ತೆಲುಗು ಚಾನೆಲ್‌ನಲ್ಲಿ ‘ಮಲ್ಲೀಶ್ವರಿ’ ಹಾಕಿದರು. ಕಪ್ಪು ಬಿಳುಪು ಚಿತ್ರ. ಆಂಟಿ ನಮ್ಮನೆಗೇ ಬಂದು ಕೂತರು. ಅಪ್ಪ ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದವರು, ಹಾಡು ಕೇಳಿ ಎದ್ದು ಬಂದರು.

‘ಮಲ್ಲೀಶ್ವರಿ’ ಬಿಡುಗಡೆಯಾಗಿದ್ದು 1951ರ ಡಿಸೆಂಬರ್‌ನಲ್ಲಿ. ನಿರ್ದೇಶಕರು ವಾಹಿನಿ ಸಂಸ್ಥೆಯ ಬಿ.ಎನ್. ರೆಡ್ಡಿ. ನಾಯಕ ಎನ್.ಟಿ. ರಾಮರಾವ್, ನಾಯಕಿ ಭಾನುಮತಿ. ಮಾತು ಮತ್ತು ಹಾಡು ಕವಿ ದೇವುಲಪಲ್ಲಿ ಕೃಷ್ಣಶಾಸ್ತ್ರಿ ಅವರದ್ದು, ಸಂಗೀತ ಎಸ್. ರಾಜೇಶ್ವರ ರಾವ್ ಅವರದ್ದು. ಕಥೆ ನಡೆಯೋದು ಕೃಷ್ಣದೇವರಾಯನ ಕಾಲದಲ್ಲಿ, ಅಂದರೆ ಭಾಷೆ ತೆಲುಗಾದರೂ ನೆಲ ನಮ್ಮದೇ, ಹಂಪಿ.

ಕಥೆ ಇಷ್ಟು. ಮಲ್ಲಿ ಮತ್ತು ನಾಗರಾಜು ಚಿಕ್ಕಂದಿನಿಂದ ಜೊತೆಗೆ ಬೆಳೆದವರು, ಪ್ರೀತಿಸಿದವರು. ಅವನು ಶಿಲ್ಪಿ, ಅವಳು ಹಾಡಿ ಕುಣಿಯುವವಳು. ಒಂದು ಮಳೆಯ ದಿನ ಮಾರುವೇಷದಲ್ಲಿದ್ದ ರಾಯ ಅವಳ ಕುಣಿತ ನೋಡುತ್ತಾನೆ. ಯಾರು ಅಂತ ಗೊತ್ತಿಲ್ಲದ ನಾಗರಾಜು ತಮಾಷೆಗೆ, ರಾಯರಿಗೆ ಹೇಳಿ ನಮ್ಮ ಮಲ್ಲಿಗೆ ಒಂದು ಪಲ್ಲಕ್ಕಿ ಕಳಿಸಿ ಅಂದುಬಿಡುತ್ತಾನೆ. ಒಂದು ದಿನ ಪಲ್ಲಕ್ಕಿ ಬಂದೇಬಿಡುತ್ತದೆ! ಒಡವೆ, ಹೊನ್ನು ಎಲ್ಲ ಸಮೇತ. ಆಸೆಬುರುಕಿ ತಾಯಿಗೆ ಖುಷಿಯೋ ಖುಷಿ. ಆದರೆ ಅಂತಃಪುರಕ್ಕೆ ಹೋದ ಹೆಣ್ಣು ಹೊರಗಿನ ಗಂಡಸಿನ ಮುಖ ನೋಡುವಂತಿಲ್ಲ, ನೋಡಿದರೆ ಮರಣದಂಡನೆ. ಮುಂದೆ ಇಬ್ಬರೂ ಅರಮನೆಯಲ್ಲೇ ಕದ್ದು ಭೇಟಿಯಾಗುತ್ತಾರೆ, ಸಿಕ್ಕಿಬೀಳುತ್ತಾರೆ. ಕೊನೆಗೆ ರಾಯ ಕರುಣೆ ತೋರಿ ಇಬ್ಬರನ್ನೂ ಬಿಡುಗಡೆ ಮಾಡುತ್ತಾನೆ. ಶುಭಂ.

ಚಿತ್ರ ಮುಗಿದಾಗ ಅಪ್ಪ ಅಂದರು: “ರಾಯ ಅಂದ್ರ ರಾಯನೇ ನೋಡ್ರಿ. ಎಂಥಾ ದೊಡ್ಡ ಮನಸ್ಸು!”

ಆಂಟಿ ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಾ ಒಂದೇ ಮಾತು ಹೇಳಿದರು: “ಪಲ್ಲಕ್ಕಿ ಕಳಿಸಿದ್ದೂ ಅವ್ರೇ ಅಲ್ವೇನ್ರಿ ಅಣ್ಣಾ?”

ಆಗ ನನಗೆ ಆ ಮಾತಿನ ತೂಕ ಗೊತ್ತಾಗಲಿಲ್ಲ. ಈಗ ಅನಿಸುತ್ತೆ, ಆ ಚಿತ್ರದ ಬಗ್ಗೆ ನಾನು ಕೇಳಿದ ಅತ್ಯುತ್ತಮ ವಿಮರ್ಶೆ ಅದೇ.

ಪತ್ರಿಕೆಗಳಲ್ಲಿ, ಸಿನಿಮಾ ಪುಸ್ತಕಗಳಲ್ಲಿ ‘ಮಲ್ಲೀಶ್ವರಿ’ಗೆ ಸಿಕ್ಕ ಸ್ವಾಗತ ಬೇರೆ ರೀತಿಯದ್ದು. ಅದೇ ವರ್ಷ ಅದೇ ಎನ್‌ಟಿಆರ್ ನಟಿಸಿದ್ದ ‘ಪಾತಾಳ ಭೈರವಿ’ ಥಿಯೇಟರ್‌ಗಳಲ್ಲಿ ಧೂಳೆಬ್ಬಿಸಿತು. ವರ್ಷಗಟ್ಟಲೆ ಕೂತು ಕೆತ್ತಿದ ‘ಮಲ್ಲೀಶ್ವರಿ’ಗೆ ಅಷ್ಟು ದೊಡ್ಡ ಗಲ್ಲಾಪೆಟ್ಟಿಗೆ ಭಾಗ್ಯ ಸಿಗಲಿಲ್ಲ. ಆದರೆ ಕಾಲ ಕಳೆದಂತೆ ಅದರ ಬೆಲೆ ಏರಿತು. ಚೀನಾದಲ್ಲೂ ಪ್ರದರ್ಶನ ಕಂಡಿತು. ಬಿ.ಎನ್. ರೆಡ್ಡಿ ಅವರಿಗೆ 1974ರ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಬಂದಾಗ ಎಲ್ಲರೂ ಮೊದಲು ನೆನೆದ ಹೆಸರುಗಳಲ್ಲಿ ಈ ಚಿತ್ರ ಒಂದು. ಇವತ್ತಿಗೂ ವಿಮರ್ಶಕರು ಇದನ್ನು ತೆರೆಯ ಮೇಲಿನ ಕಾವ್ಯ ಅಂತಾರೆ. ಹಾಡು ಹೊಗಳುತ್ತಾರೆ, ಎ.ಕೆ. ಶೇಖರ್ ಕಟ್ಟಿದ ಸೆಟ್ ಹೊಗಳುತ್ತಾರೆ, ಭಾನುಮತಿಯ ಕಂಠ ಹೊಗಳುತ್ತಾರೆ. ಹೊಗಳಬೇಕು, ಅಷ್ಟು ಚಂದ ಇದೆ.

ಹೊಗಳಿಕೆಯಲ್ಲಿ ಜಾರಿಹೋಗುವ ಒಂದು ಸಂಗತಿ ಇದೆ. ಈ ಚಿತ್ರಕ್ಕೆ ಆಧಾರವಾದ ಕೃತಿಗಳಲ್ಲಿ ಒಂದು ಬುಚ್ಚಿಬಾಬು ಅವರ ನಾಟಕ. ಅದರ ಹೆಸರು ‘ರಾಯಲವಾರಿ ಕರುಣಾಕೃತ್ಯಮು’. ಅಂದರೆ, ರಾಯರ ಕರುಣೆಯ ಕೆಲಸ. ಹೆಸರೇ ಹೇಳುತ್ತದೆ ನೋಡಿ, ಕಥೆ ಯಾರದು ಅಂತ. ಹುಡುಗಿಯ ಕಷ್ಟ ನಾವು ನೋಡುತ್ತೇವೆ, ಚಪ್ಪಾಳೆ ಮಾತ್ರ ರಾಯನಿಗೆ ಹೋಗುತ್ತೆ. ನ್ಯಾಯವಾಗಿ ಹೇಳಬೇಕೆಂದರೆ ಬಿ.ಎನ್. ರೆಡ್ಡಿ ತಮ್ಮ ಕೆಲಸ ಮಾಡಿದ್ದಾರೆ. ಪಲ್ಲಕ್ಕಿ ಬಂದಾಗ ಮಲ್ಲಿಯನ್ನು ಯಾರೂ ಕೇಳುವುದಿಲ್ಲ ಅನ್ನೋದನ್ನು ತೆರೆ ಮೇಲೆ ಸ್ಪಷ್ಟವಾಗಿ ಇಟ್ಟಿದ್ದಾರೆ. ನೋಡಿದ ನಾವು ಅದನ್ನು ದಾಟಿಕೊಂಡು ಹೋದೆವು. ಕನ್ನಡದಲ್ಲೂ ಕಥೆ ಅದೇ. 1970ರಲ್ಲಿ ಬಿ.ಆರ್. ಪಂತುಲು ‘ಶ್ರೀ ಕೃಷ್ಣದೇವರಾಯ’ ತೆಗೆದರು. ಅವತ್ತಿನಿಂದ ನಮಗೆ ರಾಯ ಅಂದರೆ ಡಾ. ರಾಜ್‌ಕುಮಾರ್ ಮುಖ. ಆ ಮುಖಕ್ಕೆ ಪ್ರಶ್ನೆ ಕೇಳೋಕೆ ನಮಗೆ ನಾಲಿಗೆ ಬರುತ್ತಾ?

ಈಗ ಮುದಗಲ್ಲಿಗೆ ಬನ್ನಿ.

ಇಸವಿ 1406. ವಿಜಯನಗರದಲ್ಲಿ ಒಂದನೇ ದೇವರಾಯ. ಕಲಬುರಗಿಯಲ್ಲಿ ಬಹಮನಿ ಸುಲ್ತಾನ ಫಿರೋಜ್ ಷಾ. ನಡುವೆ ಕೃಷ್ಣಾ ಮತ್ತು ತುಂಗಭದ್ರೆಯ ಮಧ್ಯದ ರಾಯಚೂರು ದೋಆಬ್, ಅಂದರೆ ನಮ್ಮ ಸೀಮೆ. ಆಗ ಮುದಗಲ್ ಬಹಮನಿಗಳ ಕೈಲಿತ್ತು. ಈ ಕಥೆ ಹೇಳಿದವನು ಫೆರಿಷ್ತಾ, ಬಿಜಾಪುರದ ಆದಿಲ್‌ಶಾಹಿ ಆಸ್ಥಾನದಲ್ಲಿದ್ದ ಇತಿಹಾಸಕಾರ.

ಅವನ ಪ್ರಕಾರ ಮುದಗಲ್ಲಿನ ಅಕ್ಕಸಾಲಿಗನೊಬ್ಬನಿಗೆ ಅಪರೂಪದ ಚೆಲುವೆ ಮಗಳು. ಇಂಗ್ಲಿಷಿಗೆ ಅನುವಾದ ಮಾಡಿದವರಲ್ಲಿ ಒಬ್ಬರು ಅವಳನ್ನು ಪೆರ್ತಾಲ್ ಅಂತಾರೆ, ಇನ್ನೊಬ್ಬರು ನೇಹಾಲ್ ಅಂತಾರೆ. ಪಾಪ, ಹೆಸರೂ ಗಟ್ಟಿಯಿಲ್ಲ. ಕಾಶಿಯಿಂದ ಮರಳುತ್ತಿದ್ದ ಒಬ್ಬ ವೃದ್ಧ ಬ್ರಾಹ್ಮಣ ಆ ಮನೆಯಲ್ಲಿ ಉಳಿದು, ಒಂದೂವರೆ ವರ್ಷ ಅವಳಿಗೆ ಸಂಗೀತ, ನೃತ್ಯ ಕಲಿಸಿದ. ಆಮೇಲೆ ವಿಜಯನಗರಕ್ಕೆ ಹೋಗಿ ದೇವರಾಯನ ಮುಂದೆ ಅವಳನ್ನು ವರ್ಣಿಸಿದ. ರಾಜ ಅವನ ಕೈಲೇ ಉಡುಗೊರೆ ಕಳಿಸಿದ. ರಾಣಿ ಪಟ್ಟದ ಮಾತು ಕೊಟ್ಟ. ಜೊತೆಗೆ ಒಂದು ರತ್ನದ ಹಾರ. ಆ ಹಾರ ಕೊರಳಿಗೆ ಬಿತ್ತು ಅಂದರೆ ನಿಶ್ಚಿತಾರ್ಥ ಆದಂತೆ, ಆಮೇಲೆ ತಿರುಗುವ ಹಾಗಿಲ್ಲ.

ತಂದೆತಾಯಿ ಹಿಗ್ಗಿಹೋದರು. ಮಗಳನ್ನು ಕರೆದು ಹಾರ ಹಾಕಿಸಿಕೋ ಅಂದರು.

ಹುಡುಗಿ ಕೊರಳು ಹಿಂದಕ್ಕೆ ಎಳೆದುಕೊಂಡಳು.

ಕಾರಣವನ್ನೂ ಹೇಳಿದಳು. ವಿಜಯನಗರದ ಅಂತಃಪುರಕ್ಕೆ ಹೋದವಳು ಮತ್ತೆ ತಂದೆತಾಯಿಯ ಮುಖ ನೋಡುವಂತಿಲ್ಲ, ಆ ಒಡವೆಗಳಿಗೆ ನನ್ನನ್ನು ಮಾರಬೇಡಿ ಅನ್ನುವ ಅರ್ಥದ ಮಾತು. ತಂದೆತಾಯಿ ಅತ್ತರು, ಬ್ರಾಹ್ಮಣನನ್ನು ಬರಿಗೈಲಿ ಕಳಿಸಿದರು.

‘ಮಲ್ಲೀಶ್ವರಿ’ ನೋಡಿದವರಿಗೆ ಈಗ ಗೊತ್ತಾಗಿರಬೇಕು, ಯಾಕೆ ಮೊದಲು ಆ ಸಿನಿಮಾ ಹೇಳಿದೆ ಅಂತ. ಅದೇ ಉಡುಗೊರೆ, ಅದೇ ಅಂತಃಪುರ, ಹೋದವರು ಹೊರಗೆ ಬರಲಾಗದ ಅದೇ ನಿಯಮ. ಸಿನಿಮಾದ ಹುಡುಗಿ ಪಲ್ಲಕ್ಕಿ ಏರಿದಳು. ಮುದಗಲ್ಲಿನವಳು ಏರಲಿಲ್ಲ.

ಮುಂದಿನದು ಯುದ್ಧ. ದೇವರಾಯ ಸೈನ್ಯ ಕಳಿಸಿದ. ಸುದ್ದಿ ಕೇಳಿ ಮುದಗಲ್ಲಿನ ಜನ ಊರು ಬಿಟ್ಟರು, ಹುಡುಗಿಯ ಮನೆಯವರೂ ಓಡಿದರು. ಸಿಗದ ಸಿಟ್ಟಿಗೆ ಸೈನಿಕರು ಸುತ್ತಲ ಊರು ಲೂಟಿ ಮಾಡಿದರು. ಅದಕ್ಕೆ ಪ್ರತಿಯಾಗಿ ಫಿರೋಜ್ ವಿಜಯನಗರದ ಮೇಲೆ ದಂಡೆತ್ತಿ ಹೋದ. ಕೊನೆಗೆ ಸಂಧಿ. ಫೆರಿಷ್ತಾ ಕೊಡುವ ಪಟ್ಟಿ ನೋಡಿ: ಹತ್ತು ಲಕ್ಷ ಹೊನ್ನು, ಐದು ಮಣ ಮುತ್ತು, ಐವತ್ತು ಆನೆ, ಹಾಡಿ ಕುಣಿಯಬಲ್ಲ ಎರಡು ಸಾವಿರ ಹುಡುಗ ಹುಡುಗಿಯರು. ಅದರ ಮೇಲೆ ದೇವರಾಯನ ಮಗಳ ಮದುವೆ ಫಿರೋಜನ ಜೊತೆ, ವರದಕ್ಷಿಣೆಯಾಗಿ ಇವತ್ತಿನ ಹಾವೇರಿ ಜಿಲ್ಲೆಯ ಬಂಕಾಪುರ ಕೋಟೆ. ನಗರದ ಬಾಗಿಲಿಂದ ಸುಲ್ತಾನನ ಶಿಬಿರದವರೆಗೆ ಆರು ಮೈಲಿ ದಾರಿಗೆ ಮಖಮಲ್ಲು ಹಾಸಿದರಂತೆ. ಇವತ್ತಿನ ಯಾವ ಬಿಗ್ ಬಜೆಟ್ ಸೆಟ್ಟೂ ಇದರ ಮುಂದೆ ಸಪ್ಪೆ!

ಮುದಗಲ್ಲಿನ ಹುಡುಗಿ ಏನಾದಳು? ಫಿರೋಜ್ ಅವಳನ್ನು ಕರೆಸಿದ. ತನಗೆ ವಯಸ್ಸಾಯಿತು ಅಂತ ಮಗ ಹಸನ್ ಖಾನ್‌ಗೆ ಮದುವೆ ಮಾಡಿದ. ಅಕ್ಕಸಾಲಿಗನಿಗೆ ಬಹುಮಾನ ಕೊಟ್ಟ. ಕಥೆ ಮುಗಿಯಿತು.

ಈಗ ನಾನು ಓದಿದ ಇಂಜಿನಿಯರಿಂಗ್ ಸ್ವಲ್ಪ ಉಪಯೋಗಿಸುತ್ತೇನೆ. ಲ್ಯಾಬಿನಲ್ಲಿ ನಮಗೆ ಮೊದಲು ಕಲಿಸಿದ್ದು, ರೀಡಿಂಗ್ ನೋಡುವ ಮುಂಚೆ ಮೀಟರ್ ನೋಡು ಅಂತ. ಫೆರಿಷ್ತಾ ಎಂಬ ಮೀಟರ್ ಎಷ್ಟು ದೂರದಲ್ಲಿತ್ತು? ಘಟನೆ 1406ರದ್ದು. ಅವನು ಬರೆದದ್ದು 1600 ದಾಟಿದ ಮೇಲೆ. ಸುಮಾರು ಇನ್ನೂರು ವರ್ಷ. ಪದ್ಮಾವತಿ ವಿಷಯವೂ ಇದೇ ತರಹ. ಅಲ್ಲಾವುದ್ದೀನ್ ಖಿಲ್ಜಿ ಚಿತ್ತೋಡ ಗೆದ್ದದ್ದು 1303. ಜಾಯಸಿ ‘ಪದ್ಮಾವತ್’ ಕಾವ್ಯ ಬರೆದದ್ದು 1540ರ ಹೊತ್ತಿಗೆ. ಮುತ್ತಿಗೆಯಲ್ಲಿ ಜೊತೆಗಿದ್ದ ಅಮೀರ್ ಖುಸ್ರೋ ಪದ್ಮಿನಿಯ ಹೆಸರು ಎತ್ತುವುದಿಲ್ಲ.

ಇದಕ್ಕೆ ಹೋಲಿಸಿ ನಮ್ಮ ಮಸ್ಕಿಯ ಬಂಡೆ ನೋಡಿ. 1915ರಲ್ಲಿ ಬೀಡನ್ ಅನ್ನುವ ಇಂಜಿನಿಯರ್ ನಮ್ಮ ಕಡೆ ಚಿನ್ನ ಹುಡುಕುತ್ತಾ ಬಂದವರಿಗೆ ಚಿನ್ನದ ಬದಲು ಅಶೋಕ ಸಿಕ್ಕ. ದೇವಾನಾಂಪ್ರಿಯ ಅನ್ನುವ ಬಿರುದಿನ ಹಿಂದೆ ಇದ್ದವನು ಅಶೋಕನೇ ಅಂತ ಹೆಸರು ಸಮೇತ ಗೊತ್ತಾದದ್ದು ಆ ಶಾಸನದಿಂದ. ಅದು ಅವನ ಕಾಲದಲ್ಲೇ, ಅವನ ಆಜ್ಞೆಯಂತೆ ಕೆತ್ತಿದ ಕಲ್ಲು. ಅದು ಸಾಕ್ಷಿ. ಇನ್ನೂರು ವರ್ಷ ಆದಮೇಲೆ ಆಸ್ಥಾನದಲ್ಲಿ ಕೂತು ಬರೆದದ್ದು ಚಿತ್ರಕಥೆಗೆ ಹತ್ತಿರ. ಹಾಗಾಗಿ ಇತಿಹಾಸಕಾರರು ಅಕ್ಕಸಾಲಿಗನ ಮಗಳ ಕಥೆಯನ್ನು ಅನುಮಾನದಿಂದಲೇ ನೋಡುತ್ತಾರೆ.

ಇನ್ನೂ ಒಂದು ಲೆಕ್ಕ ಇದೆ. ಹುಡುಗಿಯಿಂದ ಯುದ್ಧ ಆಯ್ತು ಅಂತಾರಲ್ಲ, ಅದಕ್ಕೆ ನಲವತ್ತು ವರ್ಷ ಮೊದಲೇ, 1366ರಲ್ಲಿ, ಬುಕ್ಕರಾಯನ ಸೈನ್ಯ ಇದೇ ಮುದಗಲ್ ಕೋಟೆಗೆ ನುಗ್ಗಿತ್ತು. ಆಗ ಯಾವ ಹುಡುಗಿಯೂ ಇರಲಿಲ್ಲ. ನೂರಕ್ಕೂ ಹೆಚ್ಚು ವರ್ಷ ಆದಮೇಲೆ, 1520ರಲ್ಲಿ, ಕೃಷ್ಣದೇವರಾಯ ರಾಯಚೂರಿಗೆ ಬಂದ. ಆಗಲೂ ಇರಲಿಲ್ಲ. ಎರಡು ನದಿ ನಡುವಿನ ನೆಲ, ಅದರ ಕಂದಾಯ, ಅದರ ಕೋಟೆಗಳು, ಜಗಳ ಇದ್ದದ್ದು ಅದಕ್ಕೆ. ಎರಡೂ ಕಡೆಯವರಿಗೆ ಹೇಳಿಕೊಳ್ಳಲು ಒಂದು ಚಂದದ ಕಾರಣ ಬೇಕಿತ್ತು. ಮದುವೆಯಿಂದ ಶಾಂತಿಯಾದರೂ ಬಂತಾ? ಇಲ್ಲ. ಬೀಳ್ಕೊಡಲು ಅರ್ಧ ದಾರಿಗೇ ಬಂದು ದೇವರಾಯ ಹಿಂದಿರುಗಿದ ಅಂತ ಫಿರೋಜನಿಗೆ ಕೋಪ ಬಂತು. ಮುಂದೆ ಪಾನಗಲ್ಲಿನ ಬಳಿ ಇಬ್ಬರೂ ಮತ್ತೆ ಬಡಿದಾಡಿದರು, ಫಿರೋಜ್ ಸೋತ.

ಹಾಗಾದರೆ ಕಥೆ ಸುಳ್ಳು, ಎತ್ತಿ ಬಿಸಾಡಿ ಅನ್ನೋಣವೇ? ನಾನು ಹಾಗೆ ಹೇಳುವುದಿಲ್ಲ. ಕಥೆ ನಡೆಯದೇ ಇದ್ದಿರಬಹುದು. ಅದನ್ನು ಯಾರು ಹೇಗೆ ಸ್ವೀಕರಿಸಿದರು ಅನ್ನೋದು ಮಾತ್ರ ನಿಜವಾಗಿ ನಡೆದದ್ದು. ಆ ಸ್ವೀಕಾರದಲ್ಲಿ ನಮ್ಮ ಕಾಲದ ರೋಗ ಇದೆ.

ನೋಡಿ, ಫೆರಿಷ್ತಾ ಹುಡುಗಿಯ ಬಾಯಲ್ಲಿ ಇನ್ನೊಂದು ಮಾತು ಸೇರಿಸುತ್ತಾನೆ. ಮುಂದೊಂದು ದಿನ ತಾನು ಇಸ್ಲಾಂ ಸೇರುವೆ ಎಂಬ ನಂಬಿಕೆ ಒಳಗೇ ಇತ್ತು ಅಂತ ಅವಳು ತಂದೆತಾಯಿಗೆ ಹೇಳಿದಳಂತೆ. ಸುಲ್ತಾನರ ಆಸ್ಥಾನದಲ್ಲಿ ಬರೆಯುವವನಿಗೆ ಆ ಸಾಲು ಬೇಕಿತ್ತು. ಅದೇ ಸಾಲು ಹಿಡಿದು ಇವತ್ತು ಒಬ್ಬರು ಅಂತಾರೆ, ನೋಡಿ, ಅವಳೇ ನಮ್ಮ ಕಡೆ ಬಂದಳು. ಇನ್ನೊಬ್ಬರು ಅಂತಾರೆ, ಇದು ನಮ್ಮ ರಾಜನ ಹೆಸರು ಕೆಡಿಸಲು ಕಟ್ಟಿದ ಕಥೆ. ಇಬ್ಬರನ್ನೂ ಸ್ಟುಡಿಯೋಗೆ ಕರೆಸಿ ಎದುರುಬದುರು ಕೂರಿಸಿದರೆ ನನ್ನ ಒಂದು ಗಂಟೆ ಸಲೀಸಾಗಿ ತುಂಬುತ್ತೆ, ಟಿಆರ್‌ಪಿನೂ ಬರುತ್ತೆ. ಆದರೆ ಇಬ್ಬರೂ ಆ ಹುಡುಗಿಯನ್ನು ತಮ್ಮ ರಾಜನ ಲೆಕ್ಕಕ್ಕೆ ಜಮಾ ಮಾಡಿಕೊಂಡವರೇ. ಅವಳು ಕೊಟ್ಟ ಕಾರಣ ಯಾವ ರಾಜನದ್ದೂ ಅಲ್ಲ, ಯಾವ ಧರ್ಮದ್ದೂ ಅಲ್ಲ. ಅಪ್ಪ ಅಮ್ಮನನ್ನು ನೋಡದೆ ನಾನಿರಲಾರೆ. ಅಷ್ಟೇ. ಇದನ್ನು ಚರ್ಚೆಗೆ ತಗೊಳ್ಳುವವರು ಯಾರು?

ಇನ್ನೂ ಒಬ್ಬಳಿದ್ದಾಳೆ. ದೇವರಾಯನ ಮಗಳು. ಸಂಧಿಯ ಪಟ್ಟಿಯಲ್ಲಿ ಮುತ್ತು, ಆನೆಗಳ ಜೊತೆ ಹೋದವಳು. ಮುತ್ತಿನ ತೂಕ ಬರೆದ ಫೆರಿಷ್ತಾ ಅವಳ ಹೆಸರು ಬರೆಯಲಿಲ್ಲ. ಆ ಎರಡು ಸಾವಿರ ಹುಡುಗ ಹುಡುಗಿಯರ ಮನೆಗಳಲ್ಲಿ ಅವತ್ತು ಎಷ್ಟು ಜನ ಅತ್ತರೋ. ಮುದಗಲ್ಲಿನ ಹುಡುಗಿಗೆ ಎರಡನೇ ಬಾರಿ, ಹಸನ್ ಖಾನನ ಹಾರ ಬಂದಾಗ, ಕೊರಳು ಹಿಂದಕ್ಕೆ ಎಳೆದುಕೊಳ್ಳುವ ಅವಕಾಶ ಇತ್ತೇ? ಹಿಂದೆ ಬೇಡ ಅಂದಿದ್ದಕ್ಕೆ ಎಷ್ಟು ಊರು ಸುಟ್ಟವು ಅಂತ ನೋಡಿದ ಹುಡುಗಿ ಮತ್ತೆ ಬೇಡ ಅನ್ನುತ್ತಾಳಾ? ಹಸನ್ ಖಾನನಿಗೆ ಸಿಂಹಾಸನವೂ ಸಿಗಲಿಲ್ಲ. 1422ರಲ್ಲಿ ಚಿಕ್ಕಪ್ಪ ಅಹಮದ್ ಷಾ ಪಟ್ಟಕ್ಕೇರಿದ.

ಐತಿಹಾಸಿಕ ಪ್ರೇಮಚಿತ್ರಗಳನ್ನು ನಾವು ಅಳೆಯುವ ರೀತಿಯೇ ಎರಡು. ಒಂದು, ಹಾಡು ಹೇಗಿದೆ, ಸೆಟ್ ಹೇಗಿದೆ, ಹೀರೋ ಹೇಗೆ ಕಾಣ್ತಾನೆ. ಇನ್ನೊಂದು, ನಮ್ಮವರಿಗೆ ಅವಮಾನ ಆಯ್ತಾ ಇಲ್ವಾ. ಮೊದಲನೆಯದು ತಪ್ಪಲ್ಲ. ಎರಡನೆಯದಕ್ಕೆ ನನ್ನಂಥವರು ಮೈಕು ಹಿಡಿದು ಗಾಳಿ ಹಾಕಿದ್ದೇವೆ, ಒಪ್ಪಿಕೊಳ್ಳುತ್ತೇನೆ. ಮೂರನೇ ಅಳತೆ ಒಂದಿದೆ. ಹಟ್ಟಿಯ ಆಂಟಿ ಕೇಳಿದ್ದು: ಪಲ್ಲಕ್ಕಿ ಕಳಿಸಿದವರು ಯಾರು, ಹತ್ತುವವಳನ್ನು ಕೇಳಿದರಾ?

ಅಪ್ಪನ ಫೋನ್ ಬಂದ ಕೆಲವು ತಿಂಗಳಿಗೆ ರಜೆ ಹಾಕಿ ಊರಿಗೆ ಹೋದೆ. ಇಬ್ಬರೂ ಬಸ್ಸು ಹತ್ತಿ ಮುದಗಲ್ಲಿಗೆ ಹೋದೆವು. ಕೋಟೆಯ ಕಂದಕ, ಬಾಗಿಲು ಎಲ್ಲ ನೋಡಿದೆವು. ಇದೇ ಊರಿನ ಮೊಹರಂಗೆ ಹಿಂದೂ ಮುಸ್ಲಿಂ ಅನ್ನದೆ ಸುತ್ತಲ ಜಿಲ್ಲೆಗಳ ಜನ ಸೇರುತ್ತಾರೆ. ರಾಜರು ಬಡಿದಾಡಿ ಹೋದ ಊರಿನಲ್ಲಿ ಜನ ಕೂಡಿ ಬಾಳಿದ್ದಾರೆ. ಅಕ್ಕಸಾಲಿಗನ ಮನೆ ಎಲ್ಲಿತ್ತು ಅಂತ ನಾನು ಯಾರನ್ನೂ ಕೇಳಲಿಲ್ಲ. ಇದ್ದಿತೋ ಇಲ್ಲವೋ.

ಮರಳುವಾಗ ಬಸ್ಸಿನಲ್ಲಿ ಅಪ್ಪನಿಗೆ ಆಂಟಿಯ ಮಾತು ನೆನಪಿಸಿದೆ. ಅವರು ಸ್ವಲ್ಪ ಹೊತ್ತು ಕಿಟಕಿ ಆಚೆ ನೋಡಿದರು. “ಹೌದಪ, ಅವತ್ತು ನಾನು ರಾಯನ್ನಷ್ಟೇ ನೋಡಿದ್ದೆ” ಅಂದರು.

ನಾನು ಅವತ್ತಿನಿಂದ ಒಂದು ನಿಯಮ ಹಾಕಿಕೊಂಡಿದ್ದೇನೆ. ನೋಡದ ಸಿನಿಮಾದ ಬಗ್ಗೆ ಚರ್ಚೆ ನಡೆಸುವುದಿಲ್ಲ. ನ್ಯೂಸ್‌ರೂಮಿನಲ್ಲಿ ಇದಕ್ಕಾಗಿ ಎರಡು ಸಲ ಜಗಳವೂ ಆಗಿದೆ, ಒಂದು ಸಲ ನಾನು ಸೋತೂ ಇದ್ದೇನೆ. ನೀವೂ ಮುಂದಿನ ಸಲ ಯಾವುದೋ ರಾಣಿಯ ಹೆಸರಲ್ಲಿ ಪರದೆ ಮೇಲೆ ಆರು ಜನ ಕೂಗಾಡುವುದು ಕಂಡರೆ ರಿಮೋಟ್ ಕೆಳಗಿಟ್ಟು ಒಂದು ಕ್ಷಣ ಕೇಳಿಸಿಕೊಳ್ಳಿ. ರಾಜರ ಬಗ್ಗೆ ಎಲ್ಲರೂ ಮಾತಾಡುತ್ತಿರುತ್ತಾರೆ. ಅವಳು ಏನಂದಳು ಅಂತ ಯಾರಾದರೂ ಹೇಳುತ್ತಿದ್ದಾರಾ? ಇಲ್ಲ ಅಂದರೆ ಚಾನೆಲ್ ಬದಲಿಸಿ. ನಮ್ಮದಾದರೂ ಸರಿ.